ಹೆಸರು ನಮ್ಮದು, ಸಾಲ ಯಾರದು?

ಗಡಿಭಾಗದ ಕನ್ನಡಿಗರಾದ ನಾವು ಹೆಸರಿನ ವಿಷಯದಲ್ಲಿ ಬಹಳ ಸೂಕ್ಷ್ಮ ಜನ. ಫಲಕದ ಮೇಲೆ ಊರಿನ ಹೆಸರು ಯಾವ ಲಿಪಿಯಲ್ಲಿದೆ, ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರನ್ನು ಹೇಗೆ ತಿರುಚಿ ಬರೆದಿದ್ದಾರೆ ಎಂಬುದನ್ನು ಕುರಿತು ಸಮ್ಮೇಳನದ ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತನಾಡಬಲ್ಲೆವು, ಮಾತನಾಡಿದ್ದೇವೆ ಕೂಡ. ಅದು ತಪ್ಪೇನಲ್ಲ. ಆದರೆ ಅದೇ ಹೆಸರನ್ನು ಅಪರಿಚಿತನೊಬ್ಬನು ಕದ್ದೊಯ್ದು, ಅದರ ಮೇಲೆ ಸಾಲವೆತ್ತಿ, ಹೆಸರಿನ ನಿಜವಾದ ಒಡೆಯನನ್ನು ಬ್ಯಾಂಕಿನ ಬಾಗಿಲಲ್ಲಿ ಸುಸ್ತಿದಾರನನ್ನಾಗಿ ನಿಲ್ಲಿಸಿದರೆ, ಅದು ನಮ್ಮ ಸಂಘಗಳಿಗೆ ಕನ್ನಡದ ಪ್ರಶ್ನೆಯಾಗಿ ತೋರುವುದಿಲ್ಲ. ಅದು ಅವನ ಮನೆಯ ತಾಪತ್ರಯ, ಅವನೇ ಜಾಗ್ರತೆಯಿಂದ ಇರಬೇಕಿತ್ತು ಎಂದು ಕೈತೊಳೆದುಕೊಳ್ಳುತ್ತೇವೆ. ಈ ಕೈತೊಳೆದುಕೊಳ್ಳುವಿಕೆಯ ವಿರುದ್ಧವೇ ನನ್ನ ತಕರಾರು.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಸಾಲಸೋಲದ ಮಾತೇಕೆಂದು ಕೇಳುವ ಹಿರಿಯರಿದ್ದಾರೆ. ಓದಲು ಬಾರದ ಭಾಷೆಯ ಕಾಗದಕ್ಕೆ ಒಬ್ಬ ಮನುಷ್ಯನಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಭಾಷೆಯ ಪ್ರಶ್ನೆಯಲ್ಲದಿದ್ದರೆ ಮತ್ತಾವುದು ಭಾಷೆಯ ಪ್ರಶ್ನೆಯೆಂದು ನಾನು ಅವರನ್ನು ವಿನಯದಿಂದಲೇ ಕೇಳುತ್ತೇನೆ.

ನನ್ನ ವಾದ ಇಷ್ಟು: ಕದ್ದ ಗುರುತಿನ ಮೇಲೆ ಎತ್ತಿದ ಸಾಲಕ್ಕೆ ಮೊದಲ ಉತ್ತರದಾಯಿ ಆ ಸಾಲವನ್ನು ಕೊಟ್ಟ ಸಂಸ್ಥೆ. 'ನಾನು ಪಡೆದಿಲ್ಲ' ಎಂದು ಸಾಬೀತು ಮಾಡುವ ಹೊರೆ ಹೆಸರು ಕಳೆದುಕೊಂಡವನದಲ್ಲ. 'ಇವನಿಗೇ ಕೊಟ್ಟೆ' ಎಂದು ತೋರಿಸುವ ಹೊರೆ ಕೊಟ್ಟವನದು. ಇಂದು ನಮ್ಮ ದೇಶದಲ್ಲಿ ನಡೆಯುತ್ತಿರುವುದು ಇದಕ್ಕೆ ತಲೆಕೆಳಗು. ಜತ್ತದಂತಹ ತಾಲೂಕಿನಲ್ಲಿ ಈ ತಲೆಕೆಳಗಾದ ನ್ಯಾಯವು ಭಾಷೆಯ ಕಾರಣದಿಂದ ಎರಡು ಪಟ್ಟು ಭಾರವಾಗಿದೆ.

ಕಳ್ಳತನ ಎಲ್ಲಿಂದ ಮೊದಲಾಗುತ್ತದೆಂಬುದನ್ನು ನೋಡಿ. ಉಮದಿ, ಸಂಖ, ತಿಕ್ಕುಂಡಿ, ಬಾಲಗಾಂವ ಮೊದಲಾದ ನಮ್ಮ ಪೂರ್ವ ಭಾಗದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ, ಅಂದರೆ ಹೆಚ್ಚುಕಡಿಮೆ ಪ್ರತಿ ವರ್ಷ, ಸಂಸಾರ ಸಮೇತ ಕಬ್ಬು ಕಡಿಯಲು ಹೊರಡುವವರಿದ್ದಾರೆ. ಮುಂಗಡ ಪಡೆಯುವಾಗ ಮುಕಾದಮನ ಕೈಗೆ ಆಧಾರ್ ಕಾರ್ಡಿನ ಝೆರಾಕ್ಸ್, ಪ್ಯಾನ್ ಕಾರ್ಡಿನ ಝೆರಾಕ್ಸ್, ಬ್ಯಾಂಕಿನ ಪಾಸುಬುಕ್ಕಿನ ಮೊದಲ ಪುಟ ಹೋಗುತ್ತದೆ. ಸಿಮ್ ಕಾರ್ಡು ಕೊಳ್ಳುವಾಗ ಹೋಗುತ್ತದೆ. ಲಾಡಕಿ ಬಹೀಣ ಯೋಜನೆಯ ಅರ್ಜಿಗೆ, ಬೆಳೆವಿಮೆಗೆ, ಪಡಿತರ ಚೀಟಿಯ ತಿದ್ದುಪಡಿಗೆ ಹೋಗುತ್ತದೆ. ಹೋದ ಪ್ರತಿ ಎಲ್ಲಿಗೆ ಸೇರಿತು, ಯಾರ ಮೊಬೈಲಿನಲ್ಲಿ ಚಿತ್ರವಾಗಿ ಉಳಿಯಿತು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ; ಕೇಳಿದರೆ ಕೆಲಸ ಆಗುವುದಿಲ್ಲ. ಇಂಥಲ್ಲಿ 'ಜಾಗ್ರತೆ' ಎಂಬ ಉಪದೇಶ ಯಾರಿಗೆ?

ಉಪದೇಶ ಮಾಡಬೇಕಾದ ಪ್ರಾಧಿಕಾರದ ನಡೆಯನ್ನೇ ಸ್ಮರಿಸೋಣ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು, ಆಧಾರ್ ಪ್ರತಿಯನ್ನು ಯಾವ ಸಂಸ್ಥೆಗೂ ಕೊಡಬೇಡಿ, ದುರುಪಯೋಗವಾದೀತು, ಸಂಖ್ಯೆಯನ್ನು ಮರೆಮಾಡಿದ ಪ್ರತಿಯನ್ನು ಮಾತ್ರ ಕೊಡಿ ಎಂದು ಸಾರ್ವಜನಿಕರನ್ನು ಎಚ್ಚರಿಸಿತು. ಎರಡೇ ದಿನಗಳಲ್ಲಿ, ಮೇ 29ರಂದು, ಆ ಪ್ರಕಟಣೆಯು ತಪ್ಪು ಅರ್ಥಕ್ಕೆ ಎಡೆಮಾಡುತ್ತದೆಂದು ಸರಕಾರ ಅದನ್ನು ಹಿಂದಕ್ಕೆ ಪಡೆಯಿತು. ಎಚ್ಚರಿಕೆ ನಿಜವಾಗಿದ್ದರೆ ಹಿಂಪಡೆದದ್ದೇಕೆ? ಸುಳ್ಳಾಗಿದ್ದರೆ ಹೊರಡಿಸಿದ್ದೇಕೆ? ಎರಡೇ ದಿನಕ್ಕೆ ತನ್ನ ಮಾತನ್ನು ನುಂಗಿಕೊಂಡ ಆಡಳಿತವು ಸಂಖದ ರೈತನು ಮುಂದೆ ಹತ್ತು ವರ್ಷ ಎಚ್ಚರದಿಂದಿರಬೇಕೆಂದು ಅಪೇಕ್ಷಿಸುತ್ತದೆ!

ಇನ್ನು ಹೆಸರಿನ ಮಾತು. ಉಮರಾಣಿಯ ಲಿಂಗಮ್ಮನು ದಾನದ ಬಲದಿಂದ ಗುಡ್ಡಾಪುರದ ದಾನಮ್ಮನಾದಳೆಂದು ನಂಬಿ ನಡೆದ ನಾಡು ಇದು. ಇಲ್ಲಿ ಹೆಸರೆಂಬುದು ಗಳಿಸಿಕೊಳ್ಳುವ ವಸ್ತುವಾಗಿತ್ತು. ಇಂದು ಅದು ಮೂರು ಲಿಪಿಗಳಲ್ಲಿ ಮೂರು ರೂಪ ತಾಳಿ ಕುಳಿತಿದೆ. ಮನೆಯಲ್ಲಿ ಮಲ್ಲಪ್ಪನಾದವನು ತಲಾಠಿಯ ಸಾತಬಾರಾದಲ್ಲಿ ಮಾಳಾಪ್ಪಾ ಆಗುತ್ತಾನೆ, ಇಂಗ್ಲಿಷಿನ ಪ್ಯಾನ್ ಕಾರ್ಡಿನಲ್ಲಿ ಒಂದು ಅಕ್ಷರ ಹೆಚ್ಚಾಗಿಯೋ ಕಡಿಮೆಯಾಗಿಯೋ ಮತ್ತೊಬ್ಬನಾಗುತ್ತಾನೆ. ಅಡ್ಡಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಮದುವೆಯಾಗಿ ವಿಜಯಪುರ ಸೀಮೆಯಿಂದ ಬಂದ ಹೆಣ್ಣುಮಗಳ ಆಧಾರ್ ತವರಿನ ಹೆಸರಲ್ಲಿ, ಪಾಸುಬುಕ್ಕು ಗಂಡನ ಹೆಸರಲ್ಲಿ. ಹುಟ್ಟಿದ ದಿನವಂತೂ ಕೇಳಲೇಬೇಡಿ: ಒಂದು ಕಾಲದ ಹೆಡ್‌ಮಾಸ್ತರರ ಕೃಪೆಯಿಂದ ನಮ್ಮ ಅರ್ಧ ಪೀಳಿಗೆಯೇ ಜೂನ್ 1ರಂದು ಜನಿಸಿದೆ. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ, ಜೂನ್ 1ರಂದೇ ಹುಟ್ಟಿದ ಇಬ್ಬರು ಸಿಕ್ಕರೆ ಅಚ್ಚರಿಪಡಬೇಕಾಗಿಲ್ಲ. ಸಾಲದ ಚರಿತ್ರೆಯನ್ನು ಬರೆದಿಡುವ ಸಂಸ್ಥೆಗಳು ಹೆಸರು, ಜನ್ಮದಿನ, ವಿಳಾಸ, ಪ್ಯಾನ್, ಫೋನು ಇವುಗಳನ್ನು ಹೋಲಿಸಿಯೇ ಯಾರ ಸಾಲ ಯಾರದೆಂದು ನಿಶ್ಚಯಿಸುತ್ತವೆ. ಹೀಗಾಗಿ ನಮ್ಮಲ್ಲಿ ಕಳ್ಳನಿಲ್ಲದೆಯೂ ಒಬ್ಬನ ಸಾಲ ಇನ್ನೊಬ್ಬನ ಲೆಕ್ಕಕ್ಕೆ ಬಂದು ಕೂರಬಹುದು. ಕಳ್ಳನಿದ್ದರೆ ಅವನಿಗೆ ಇದು ಹಬ್ಬ.

ಆ ಸಂಸ್ಥೆಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಜನರ ಬಾಯಲ್ಲಿ ಎಲ್ಲವೂ 'ಸಿಬಿಲ್' ಒಂದೇ. 2005ರ ಸಾಲ ಮಾಹಿತಿ ಕಂಪನಿಗಳ ಕಾಯಿದೆಯಂತೆ ಇವು ನಡೆಯುತ್ತವೆ. 300ರಿಂದ 900ರ ನಡುವೆ ಒಂದು ಅಂಕ ಕೊಡುತ್ತವೆ. ಬ್ಯಾಂಕಿನ ಸಾಹೇಬರು ಮನುಷ್ಯನ ಮುಖ ನೋಡುವ ಮೊದಲು ಆ ಅಂಕ ನೋಡುತ್ತಾರೆ. ಹೆಸರು ಕಳವಾದದ್ದು ಒಡೆಯನಿಗೆ ತಿಳಿಯುವುದೂ ಆ ಹೊತ್ತಿಗೇ: ಬೋರು ಕೊರೆಸಲು, ದ್ರಾಕ್ಷಿಗೆ ಚಪ್ಪರ ಹಾಕಲು, ಮಗಳ ಶಿಕ್ಷಣಕ್ಕೆ ಎಂದು ಸಾಲ ಕೇಳಲು ಹೋದಾಗ. ತಾನು ಕಾಲಿಡದ ಊರಿನ ಕಂಪನಿಯೊಂದಕ್ಕೆ ತಾನು ಬಾಕಿದಾರ. ತಪ್ಪನ್ನು ತಿದ್ದಿಸಿಕೊಂಡು ಬರುವ ವೇಳೆಗೆ ಹಂಗಾಮು ಮುಗಿದಿರುತ್ತದೆ, ಕಾಲೇಜಿನ ಪ್ರವೇಶದ ದಿನ ಕಳೆದಿರುತ್ತದೆ. ಆ ನಷ್ಟವನ್ನು ತುಂಬಿಕೊಡುವ ಕಾಲಮ್ಮು ಯಾವ ಫಾರ್ಮಿನಲ್ಲಿಯೂ ಇಲ್ಲ.

'ಅನಕ್ಷರಸ್ಥರಿಗೆ ಹೀಗಾಗುತ್ತದೆ, ಬಿಡಿ' ಎನ್ನುವವರಿಗೆ ಒಂದು ಮಾತು. 2022ರ ಏಪ್ರಿಲ್‌ನಲ್ಲಿ ಚಲನಚಿತ್ರ ನಟ ರಾಜಕುಮಾರ್ ರಾವ್ ತಮ್ಮ ಪ್ಯಾನ್ ಸಂಖ್ಯೆಯ ಮೇಲೆ ಯಾರೋ 2,500 ರೂಪಾಯಿಯ ಸಾಲವೆತ್ತಿದ್ದಾರೆ, ಅದರಿಂದ ತಮ್ಮ ಅಂಕ ಕೆಟ್ಟಿದೆ ಎಂದು ಬಹಿರಂಗವಾಗಿ ದೂರಿಕೊಂಡರು. ದೇಶವೇ ಗುರುತಿಸುವ ಮುಖವದು. ಸಾಲ ಕೊಟ್ಟವರಿಗೆ ಅದು ತಿಳಿಯಲಿಲ್ಲ. ಏಕೆಂದರೆ ಅವರು ನೋಡಲೇ ಇಲ್ಲ. 2023ರಲ್ಲಿ ಮಂಗಳೂರು ಕಡೆ, ಉಪನೋಂದಣಿ ಕಚೇರಿಯಲ್ಲಿ ಆಸ್ತಿಪತ್ರ ನೋಂದಾಯಿಸಿ ಬಂದವರ ಖಾತೆಗಳಿಂದ ಆಧಾರ್ ಬೆರಳಚ್ಚಿನ ಮೂಲಕ ಹಣ ಹೋಯಿತು; ಆಮೇಲೆ ಕರ್ನಾಟಕ ಸರಕಾರವು ದಸ್ತಾವೇಜುಗಳ ಪ್ರತಿಯಲ್ಲಿ ಬೆರಳಚ್ಚನ್ನು ಮರೆಮಾಡಲು ಕ್ರಮ ಕೈಗೊಂಡಿತು. ಅವರು ಓದು ಬಲ್ಲವರು. ಸರಕಾರಿ ಕಚೇರಿಯಲ್ಲಿ ಕಾನೂನು ಹೇಳಿದಂತೆ ಬೆರಳೊತ್ತಿದವರು. ಅವರು ಇನ್ನೇನು ಜಾಗ್ರತೆ ವಹಿಸಬಹುದಿತ್ತು?

ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ ನಡೆದದ್ದು ಇನ್ನೊಂದು ಬಗೆ. ತಮ್ಮ ಹೆಸರಿನಲ್ಲಿ ಮೈಕ್ರೋಫೈನಾನ್ಸ್ ಸಾಲ ಎತ್ತಿಸಿ ಹಣವನ್ನು ಮಧ್ಯವರ್ತಿಗಳು ನುಂಗಿದರೆಂದು ಹಳ್ಳಿಯ ಹೆಣ್ಣುಮಕ್ಕಳು ದೂರಿದರು. ಸಾಲ ವಸೂಲಿಯ ಕಿರುಕುಳ ರಾಜ್ಯದಲ್ಲೆಲ್ಲ ಕೂಗೆಬ್ಬಿಸಿದ ಮೇಲೆ ಕರ್ನಾಟಕವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಆದರೆ ಅದರ ರಕ್ಷಣೆ ಕರ್ನಾಟಕದ ಗಡಿಯಲ್ಲಿ ನಿಲ್ಲುತ್ತದೆ. ಗಡಿಯ ಈಚೆಗಿರುವ ನಮಗೆ ಉಳಿದಿರುವುದು ಕೇಂದ್ರದ ಕಾಯಿದೆಗಳು ಮತ್ತು ರಿಜರ್ವ್ ಬ್ಯಾಂಕಿನ ನಿರ್ದೇಶನಗಳು. ಅವುಗಳನ್ನು ನಾವು ಓದಿಯೇ ಇಲ್ಲ.

ಓದಿದರೆ ಎರಡು ಸಂಗತಿ ಕಾಣುತ್ತವೆ. ಮೊದಲನೆಯದು ಹೊರೆಯ ಪ್ರಶ್ನೆ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಜರ್ವ್ ಬ್ಯಾಂಕು, ಗ್ರಾಹಕನ ಖಾತೆಯಿಂದ ಅವನ ಅನುಮತಿಯಿಲ್ಲದೆ ವಿದ್ಯುನ್ಮಾನ ವ್ಯವಹಾರ ನಡೆದರೆ ಗ್ರಾಹಕನ ಹೊಣೆಯನ್ನು ಸಾಬೀತು ಮಾಡುವ ಹೊರೆ ಬ್ಯಾಂಕಿನದೇ ಎಂದು ಸ್ಪಷ್ಟವಾಗಿ ಹೇಳಿದೆ. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವನದು ಎಂದಾದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಹೊಣೆ ಸೊನ್ನೆ. ಒಳ್ಳೆಯದು. ಆದರೆ ಈ ಸುತ್ತೋಲೆಯ ಮಾತು ನಿಮ್ಮ ಖಾತೆಯಿಂದ ಹೋದ ಹಣಕ್ಕೆ ಸಂಬಂಧಿಸಿದ್ದು. ನೀವು ಎಂದೂ ಗ್ರಾಹಕರಾಗಿರದ ಕಂಪನಿಯು ನಿಮ್ಮ ಹೆಸರಿನಲ್ಲಿ ಬೇರೆಯವನಿಗೆ ಕೊಟ್ಟ ಸಾಲಕ್ಕೆ ಅದು ಒದಗುವುದಿಲ್ಲ. ಇದ್ದ ಹಣ ಕದ್ದರೆ ಬ್ಯಾಂಕು ಉತ್ತರಿಸಬೇಕು, ಇಲ್ಲದ ಸಾಲ ಹೊರಿಸಿದರೆ ನೀವು ಉತ್ತರಿಸಬೇಕು ಎಂಬುದು ಎಲ್ಲಿಯ ಧರ್ಮ? ಒಂದೇ ತತ್ತ್ವವನ್ನು ಎರಡೂ ಕಡೆಗೆ ಅನ್ವಯಿಸಿರೆಂದಷ್ಟೇ ನಾವು ಕೇಳುವುದು.

ಇದು ಹೊಸ ಬೇಡಿಕೆಯೂ ಅಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಜೀವಕ್ಕಿಂತ ಕಾಗದದ ಮೇಲೆ ಅವರ ಸಿಟ್ಟಿತ್ತು. ತಾವು ಓದಲಾರದ ಕಾಗದ ತಮ್ಮ ಹೊಲವನ್ನು ನುಂಗುತ್ತಿದೆಯೆಂದು ಅವರಿಗೆ ಗೊತ್ತಿತ್ತು. ನಾಲ್ಕು ವರ್ಷಗಳ ಮೇಲೆ, 1879ರಲ್ಲಿ, ದಖನ್ ಕೃಷಿಕರ ಪರಿಹಾರ ಕಾಯಿದೆ ಬಂತು. ರೈತನ ಸಾಲಪತ್ರವನ್ನು ಗ್ರಾಮದ ನೋಂದಣಿದಾರನ ಸಮ್ಮುಖದಲ್ಲಿಯೇ ಬರೆಯಬೇಕು, ನ್ಯಾಯಾಲಯವು ಪತ್ರವನ್ನು ಕಣ್ಣುಮುಚ್ಚಿ ನಂಬದೆ ಅದರ ಹಿಂದಿನ ವ್ಯವಹಾರವನ್ನು ಕೆದಕಿ ನೋಡಬಹುದು ಎಂಬ ನಿಯಮಗಳು ಅದರಲ್ಲಿದ್ದವು. ಜತ್ತವು ಆಗ ಡಫಳೆ ಮನೆತನದ ಸಂಸ್ಥಾನ. ನೆರೆಯ ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿಗೆ ಆ ಕಾಯಿದೆ ಅನ್ವಯಿಸಿತ್ತು. ಪರಕೀಯ ಸರಕಾರವೊಂದು ಸಾಲಪತ್ರದ ಹಿಂದೆ ನೋಡಲು ಒಪ್ಪಿತ್ತು. ನಮ್ಮದೇ ಸರಕಾರದ ಕಾಲದಲ್ಲಿ ಕಂಪ್ಯೂಟರಿನ ಒಂದು ಸಾಲಿನ ಹಿಂದೆ ನೋಡುವವರಿಲ್ಲ.

ಎರಡನೆಯದು ಭಾಷೆ. ನಮ್ಮ ಸಂಘದವರು ಇಲ್ಲಿ ಕಿವಿಗೊಡಬೇಕು. 2022ರ ಮಾರ್ಚ್ 14ರ ಮೈಕ್ರೋಫೈನಾನ್ಸ್ ನಿರ್ದೇಶನದಲ್ಲಿ ಸಾಲದ ಕಾರ್ಡು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದಿದೆ. 2024ರ ಏಪ್ರಿಲ್ 15ರ ಸುತ್ತೋಲೆಯು ಸಾಲದ ಮುಖ್ಯ ಸಂಗತಿಗಳ ಪತ್ರವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು, ವಿವರಿಸಿ, ತಿಳಿಯಿತೆಂದು ಅವನಿಂದ ಒಪ್ಪಿಗೆ ಪಡೆಯಬೇಕೆನ್ನುತ್ತದೆ. 'ರಾಜ್ಯದ ಭಾಷೆ' ಎಂದಿಲ್ಲ. 'ಸಾಲಗಾರನಿಗೆ ತಿಳಿಯುವ ಭಾಷೆ' ಎಂದಿದೆ. ತಿಕ್ಕುಂಡಿಯ ತಾಯಿಗೆ ತಿಳಿಯುವ ಭಾಷೆ ಕನ್ನಡ. ಅವಳ ಹೆಸರಿನ ಸಾಲಕ್ಕೆ ಕನ್ನಡದ ಪತ್ರ ಇಲ್ಲವೆಂದಾದರೆ, ಆ ಸಾಲವನ್ನು ಅವಳಿಗೆ ವಿವರಿಸಿಯೇ ಇಲ್ಲವೆಂಬುದಕ್ಕೆ ಅದೇ ಒಂದು ಸಾಕ್ಷ್ಯ. ಯಾವ ನ್ಯಾಯವಾದಿಯೂ ಬಳಸಬಹುದಾದ ಈ ಆಯುಧವನ್ನು ನಾವು ತುಕ್ಕು ಹಿಡಿಸಿ ಇಟ್ಟಿದ್ದೇವೆ. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ನೀಡಿದೆ. ತಾಲೂಕಿನ ಜನಸಂಖ್ಯೆಯಲ್ಲಿ ಶೇಕಡಾ 15ರಷ್ಟು ಜನ ಆಡುವ ಅಲ್ಪಸಂಖ್ಯಾತ ಭಾಷೆಗೆ ಮುಖ್ಯ ನಿಯಮ, ಸೂಚನೆಗಳ ಅನುವಾದ ಪ್ರಕಟವಾಗಬೇಕೆಂಬ ಒಪ್ಪಂದವೂ ಇದೆ. ಜತ್ತದ ಕನ್ನಡಿಗರು ಆ ಮಿತಿಯನ್ನು ಎಂದೋ ದಾಟಿದವರು. 2022ರ ಕೊನೆಯಲ್ಲಿ ನೀರಿನ ನೆಪದಲ್ಲಿ ನಮ್ಮ ತಾಲೂಕಿನ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಮೊಳಗಿತು. ಆ ಗದ್ದಲದ ನೂರರಲ್ಲಿ ಒಂದು ಪಾಲು ಈ ಸುತ್ತೋಲೆಗಳಿಗೆ ಸಂದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಹೆಸರು ಕಳವಾಯಿತೆಂದು ತಿಳಿದ ಮನೆಯವರು ಏನು ಮಾಡಬೇಕು? ನಾಚಿಕೆ ಪಡಬಾರದು, ಅದು ಮೊದಲು. ಊರಲ್ಲಿ ಮರ್ಯಾದೆ ಹೋದೀತೆಂದು ಮುಚ್ಚಿಟ್ಟ ಪ್ರತಿ ವಾರವೂ ಕಳ್ಳನ ಲಾಭಕ್ಕೆ ಸೇರುತ್ತದೆ. 1930 ಸಂಖ್ಯೆಗೆ ಕರೆ ಮಾಡಿ ಸೈಬರ್ ದೂರು ದಾಖಲಿಸಬೇಕು. ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಪ್ರತಿ ಪಡೆಯಬೇಕು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ ಗುರುತಿನ ಕಳವು ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡಕ್ಕೆ ಅರ್ಹವಾದ ಅಪರಾಧ. 'ಇದು ನಮ್ಮ ಹದ್ದಿಯಲ್ಲ' ಎಂದು ಹಿಂದಕ್ಕೆ ಕಳಿಸುವಂತಿಲ್ಲ, ಅಪರಾಧ ಎಲ್ಲಿಯೇ ನಡೆದಿರಲಿ ಮಾಹಿತಿಯನ್ನು ಬರೆದುಕೊಳ್ಳಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಸಾಲ ಕೊಟ್ಟ ಸಂಸ್ಥೆಗೆ ಪತ್ರ ಬರೆದು ನಾಲ್ಕು ವಸ್ತು ಕೇಳಬೇಕು: ಅರ್ಜಿ ಎಲ್ಲಿ, ಭಾವಚಿತ್ರ ಯಾರದು, ಒಟಿಪಿ ಹೋದ ಮೊಬೈಲು ಯಾವುದು, ಹಣ ಸೇರಿದ ಖಾತೆ ಯಾವುದು. ಈ ನಾಲ್ಕರಲ್ಲಿ ಒಂದಾದರೂ ನಿಮ್ಮದಲ್ಲವೆಂದು ಅವರ ಕಾಗದವೇ ಹೇಳೀತು.

ವಸೂಲಿಯವನು ಬಂದು, ಮೊತ್ತ ಚಿಕ್ಕದು, ಕಟ್ಟಿ ಮುಗಿಸಿಬಿಡಿ, ಕಿರಿಕಿರಿ ಏಕೆ ಎನ್ನುತ್ತಾನೆ. ಒಂದು ಪೈಸೆಯನ್ನೂ ಕಟ್ಟಬಾರದು. ಒಂದು ಕಂತು ಕಟ್ಟಿದರೆ ಸಾಲ ನಿಮ್ಮದೆಂದು ಒಪ್ಪಿದಿರಿ ಎಂಬ ವಾದ ನಾಳೆ ಬರುತ್ತದೆ. ರಾಜಿಯಾಗಿ ಕಡಿಮೆ ಹಣಕ್ಕೆ ಮುಗಿಸಿದರೆ 'ಸೆಟಲ್ಡ್' ಎಂಬ ಕಲೆ ವರದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಿರಿಯರು ಜಗಳ ಬೇಡವೆಂದು ಕಟ್ಟಿಬಿಡುತ್ತಾರೆ; ಮನೆಯ ಕಿರಿಯರು ತಡೆಯಬೇಕು.

ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ಇದೆ. ಒಂದರಲ್ಲಿ ಸ್ವಚ್ಛವಾಗಿದ್ದದ್ದು ಇನ್ನೊಂದರಲ್ಲಿ ಕೆಟ್ಟಿರಬಹುದಾದ್ದರಿಂದ ನಾಲ್ಕನ್ನೂ ನೋಡಬೇಕು. ತಪ್ಪಿದ್ದರೆ ಅಲ್ಲಿಯೇ ತಕರಾರು ಸಲ್ಲಿಸಬೇಕು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು ನಿಮಗೆ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇಷ್ಟಾದರೂ ನ್ಯಾಯ ಸಿಗದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಸಾಲ ಮಾಹಿತಿ ಸಂಸ್ಥೆಗಳೂ ಅವರ ವ್ಯಾಪ್ತಿಗೆ ಬಂದಿವೆ. ದೂರಿಗೆ ಶುಲ್ಕವಿಲ್ಲ. 2021ರ ನವೆಂಬರ್ 12ರಂದು ಆ ಯೋಜನೆ ಪ್ರಾರಂಭವಾದಾಗ, ಚಂಡೀಗಡದ ಸ್ವೀಕಾರ ಕೇಂದ್ರದಲ್ಲಿ ಯಾವುದೇ ಭಾಷೆಯ ಅಂಚೆ ದೂರನ್ನು ಸ್ವೀಕರಿಸಲಾಗುವುದೆಂದು ರಿಜರ್ವ್ ಬ್ಯಾಂಕೇ ಪ್ರಕಟಿಸಿದೆ. ಜತ್ತದ ತಹಶೀಲ ಕಚೇರಿಯಲ್ಲಿ ಕನ್ನಡದ ಅರ್ಜಿ ಕೊಡಲು ಹಿಂಜರಿಯುವ ನಮ್ಮ ರೈತನು ಸಾವಿರ ಮೈಲಿ ದೂರದ ಚಂಡೀಗಡಕ್ಕೆ ಕನ್ನಡದಲ್ಲಿ ಬರೆಯಬಹುದು!

ಮುಂದೆ ಮತ್ತೆ ಕಳವಾಗದಂತೆ ಆಧಾರ್ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ಸಂಚಾರ ಸಾಥಿಯಲ್ಲಿ ನೋಡಬಹುದು. ಆದರೆ ಸಾಲದ ವರದಿಗೆ ಬೀಗ ಹಾಕುವ ಹಕ್ಕು? ಅಮೇರಿಕೆಯಲ್ಲಿ 2017ರಲ್ಲಿ ಇಕ್ವಿಫ್ಯಾಕ್ಸ್ ಕಂಪನಿಯಿಂದ 14 ಕೋಟಿಗೂ ಮಿಕ್ಕಿ ಜನರ ವಿವರ ಸೋರಿದ ಮೇಲೆ, 2018ರ ಸೆಪ್ಟೆಂಬರ್‌ನಿಂದ ಪ್ರತಿಯೊಬ್ಬನೂ ತನ್ನ ಸಾಲದ ಕಡತವನ್ನು ಉಚಿತವಾಗಿ ಮುಚ್ಚಿಸಬಹುದು. ಮುಚ್ಚಿದ ಕಡತ ನೋಡಲಾಗದ್ದರಿಂದ ಹೊಸ ಸಾಲ ಹುಟ್ಟುವುದು ಕಷ್ಟ. ಅದೇ ಇಕ್ವಿಫ್ಯಾಕ್ಸ್ ಇಲ್ಲಿಯೂ ವ್ಯಾಪಾರ ಮಾಡುತ್ತದೆ. ಇಲ್ಲಿ ಅಂತಹ ಕಾನೂನಿಲ್ಲ. ನಮಗೆ ಕೊಟ್ಟಿರುವುದು, ವರದಿಯನ್ನು ಯಾರಾದರೂ ನೋಡಿದಾಗ ಮೊಬೈಲಿಗೆ ಬರುವ ಸಂದೇಶ. ಕಡತದಲ್ಲಿರುವ ಮೊಬೈಲು ಕಳ್ಳನದೇ ಆಗಿದ್ದರೆ? ಅಥವಾ ಕಬ್ಬಿನ ಹಂಗಾಮಿನಲ್ಲಿ ರೀಚಾರ್ಜ್ ಇಲ್ಲದೆ ನಿಂತುಹೋಗಿ ಬೇರೊಬ್ಬನ ಪಾಲಾದ ಹಳೆಯ ಸಂಖ್ಯೆಯಾಗಿದ್ದರೆ?

ಆದುದರಿಂದ ಈ ಸಮ್ಮೇಳನದ ಕೊನೆಯ ದಿನ ಮಂಡಿಸುವ ಠರಾವುಗಳ ಜತೆಗೆ ಇನ್ನೊಂದನ್ನು ಸೇರಿಸಬೇಕೆಂದು ಕಾರ್ಯಕಾರಿ ಮಂಡಳಿಯನ್ನು ಆಗ್ರಹಿಸುತ್ತೇನೆ. ವಿವಾದಕ್ಕೊಳಗಾದ ಸಾಲವನ್ನು ಕೊಟ್ಟ ಸಂಸ್ಥೆಯೇ ಸಾಬೀತು ಮಾಡಬೇಕು; ಪೊಲೀಸ್ ದೂರಿನ ಪ್ರತಿ ತಲುಪಿದ ದಿನದಿಂದ ತೀರ್ಮಾನದವರೆಗೆ ಆ ಸಾಲವು ಹೆಸರಿನ ಒಡೆಯನ ಅಂಕವನ್ನು ಮುಟ್ಟಕೂಡದು; ಸಾಲದ ಕಡತವನ್ನು ಉಚಿತವಾಗಿ ಮುಚ್ಚಿಸುವ ಹಕ್ಕು ಕಾನೂನಾಗಬೇಕು; ಜತ್ತ ತಾಲೂಕಿನಲ್ಲಿ ಸಾಲ ಕೊಡುವ ಪ್ರತಿ ಬ್ಯಾಂಕು, ಪತಸಂಸ್ಥೆ, ಕಂಪನಿಯೂ ಕನ್ನಡದ ಪತ್ರಗಳನ್ನು ಮೇಜಿನ ಮೇಲೆ ಇರಿಸಿರಬೇಕು. ಸಂಘವೂ ಸುಮ್ಮನಿರುವಂತಿಲ್ಲ. ಪ್ರತಿ ಶಾಲೆಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬಲ್ಲ ಒಬ್ಬ ಶಿಕ್ಷಕರಿದ್ದಾರೆ. ತಿಂಗಳಿಗೊಂದು ರವಿವಾರ ಅವರು ಕುಳಿತು ದೂರು ಬರೆದುಕೊಡಲಿ, ಅಂಚೆಯ ವೆಚ್ಚವನ್ನು ಈ ಸಂಚಿಕೆಯ ಜಾಹೀರಾತಿನ ಉಳಿತಾಯದಿಂದ ಭರಿಸೋಣ. ಠರಾವಿನ ಪ್ರತಿಗಳು ಮುಂಬಯಿಯ ರಿಜರ್ವ್ ಬ್ಯಾಂಕಿಗೆ, ಸಾಂಗಲಿಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲೆಯ ಅಗ್ರಣಿ ಬ್ಯಾಂಕಿಗೆ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಹೋಗಲಿ. ಕನ್ನಡದಲ್ಲಿಯೇ ಹೋಗಲಿ; ಮರಾಠಿ ಅನುವಾದವನ್ನು ಲಗತ್ತಿಸಿದರೆ ಸಾಕು.